ಮನಿ ಬಿಟ್ಟು ಊರಿಗೆ ಹೋಗೋ ಮುಂದ ನಾವು ಏನೇನ್ ಮಾಡ್ತೀವಿ

ಧಾರವಾಡದ ಕಲ್ಯಾಣನಗರದಾಗ ನಮ್ಮ ಮನಿ, ಮೇ ಸೂಟಿ ದಸರಾ ಸೂಟಿ ಬಂತಂದ್ರ ಎಲ್ಲಾರೂ ಕೂಡಿ ಹೊರಗ ಹೋಗ್ತೀವಿ, ಮನ್ಯಾಗ ಯಾರೂ ಇರೂದಿಲ್ಲ. ಕ್ಯಾಮೆರಾ ಯಾವ ಕಂಪನಿದು ಹಾಕಸೀರಿ ಅಂತ ಮಂದಿ ಮೊದಲು ಅದನ್ನ ಕೇಳ್ತಾರ. ಕ್ಯಾಮೆರಾ ನಮ್ಮಲ್ಲೂ ಐತಿ, ಕರೆಂಟ್ ಹೋದ್ರೂ ನಡೀಲಿ ಅಂತ ವೈಫೈ ರೌಟರ್ ಇನ್ವರ್ಟರ್ ಲೈನಿಗೆ ಕೊಟ್ಟೀನಿ, ಆದ್ರ ನಾನು ಖರೇ ನಂಬಿದ್ದು ಬಾಜೂ ಮನಿ ವೈನಿಯವರನ್ನ.

ನಮ್ಮ ಕಡೆ ಮನ್ಯಾಗ ಮಂದಿ ಇದ್ದಾರೋ ಇಲ್ಲೋ ಅನ್ನೂದು ಅಂಗಳ ನೋಡಿದ್ರ ಗೊತ್ತಾಗ್ತೈತಿ. ರಂಗೋಲಿ ಇಲ್ಲ, ಗೇಟಿನ ಒಳಗ ಪೇಪರ್ ಬಿದ್ದಾವು, ನಟ್ಟ ನಡು ಮಧ್ಯಾಹ್ನ ಹೊರಗಿನ ಲೈಟ್ ಉರೀತೈತಿ ಅಂದ್ರ ಕಳ್ಳಗ ಮತ್ತೇನು ಬೇಕು ಹೇಳ್ರಿ. ಅದಕ್ಕ ಕೆಲಸದ ಅಕ್ಕಾರಿಗೆ ಆ ದಿನಗಳ ಪಗಾರ ಹಿಡಿಯೂದಿಲ್ಲ, ಅವರು ದಿನಾ ಮುಂಜಾನೆ ಬಂದು ಅಂಗಳ ಕಸ ಹೊಡದು, ಥಳಿ ಹೊಡದು ರಂಗೋಲಿ ಹಾಕಿ ಹೋಗ್ತಾರ. ಪೇಪರ್, ಹಾಲು ಮೊದಲ ಬಂದ್ ಮಾಡಸ್ತೀವಿ. ಹೊರಗ ಕತ್ತಲಾದ ಕೂಡಲೇ ತಾನ ಹತ್ತಿ ಬೆಳಕಾದ ಮ್ಯಾಲ ತಾನ ಆರೋ ಸೆನ್ಸರ್ ಬಲ್ಬ್ ಹಾಕೀವಿ. ಕೀಲಿಕೈ ಒಂದು ಸೆಟ್ ವೈನಿಯವರ ಕಡೆ ಇರ್ತೈತಿ, ಅವರು ಮಗಳ ಮನಿಗೆ ಹೋದಾಗ ಅವರ ಕೀಲಿಕೈ ನಮ್ಮ ಕಡೆ.

ಬಾಗಿಲದ ಬಗ್ಗೆ ಒಂದ ಮಾತು ಹೇಳಲೇಬೇಕು. ಎಷ್ಟ ದಪ್ಪ ಕೀಲಿ ತಂದ್ರೂ ಕಳ್ಳರು ಕೀಲಿ ಮುಟ್ಟೂದs ಇಲ್ಲ, ಕೊಂಡಿ ಸಂದ್ಯಾಗ ರಾಡ್ ಹಾಕಿ ಮೀಟ್ತಾರ, ಸಣ್ಣ ಸ್ಕ್ರೂ ಕಟಗಿ ಸಮೇತ ಕಿತ್ತು ಬರ್ತಾವು. ನಾನು ಬಡಿಗ್ಯಾರನ್ನ ಕರಸಿ ಬಾಗಿಲ ಆರಪಾರ ತೂತು ಹೊಡಸಿ ಬೋಲ್ಟ್ ಹಾಕಿಸಿ ನಟ್ಟು ಒಳಗಿನ ಬಾಜೂಕ ಬಿಗಿಸೀನಿ, ಬೋಲ್ಟಿನ ತಲಿ ಹೊರಗ ಗುಂಡಗ ಇರ್ತೈತಿ, ಅದನ್ನ ಪಾನಾ ಹಾಕಿ ತಿರುವಾಕ ಆಗೂದಿಲ್ಲ. ಮುಂದಿನ ಬಾಗಿಲ ಒಳಗಿಂದ ಅಗಳಿ ಹಾಕಿ ಹಿತ್ತಲ ಬಾಗಿಲಿಂದ ಹೊರಗ ಬೀಳ್ತೀವಿ, ಹಿಂಗಾಗಿ ರಸ್ತಾದಾಗ ನಿಂತವರಿಗೆ ಕೀಲಿ ಕಾಣೂದಿಲ್ಲ. ಗೇಟಿಗೂ ಒಳಗ ಕೈ ಹಾಕಿ ಹಾಕೋ ಹಂಗ ಕೀಲಿ.

ಆದ್ರ ಕಳ್ಳರಗಿಂತ ಹೆಚ್ಚ ಲುಕ್ಸಾನ ಮಾಡೋದು ನೀರು. ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ವಾಶಿಂಗ್ ಮಶಿನ್ ಪೈಪ್ ಕಳಚಿ ಮ್ಯಾಲಿನ ಟ್ಯಾಂಕ್ ಪೂರ್ತಿ ಒಳಗ ಖಾಲಿ ಆಗಿತ್ತು, ಪ್ಲೈವುಡ್ ಕಪಾಟೆಲ್ಲಾ ಉಬ್ಬಿ ಹೋಗಿದ್ದವು. ಅದಕ್ಕ ಟ್ಯಾಂಕಿನ ಗೇಟ್ ವಾಲ್ವ್ ಬಂದ್, ನಳ ಸಂಪಿಗೆ ಬರೋ ವಾಲ್ವ್ ಬಂದ್. ಗ್ಯಾಸಿನ ರೆಗ್ಯುಲೇಟರ್ ತಗದು ಸಿಲಿಂಡರಿಗೆ ಕ್ಯಾಪ್ ಹಾಕ್ತೀವಿ. ಏಪ್ರಿಲ್ ಮೇದಾಗ ಅಡ್ಡಮಳಿ ಗುಡುಗು ಸಿಡ್ಲು ನಿಮಗ ಗೊತ್ತೈತಿ, ಟಿವಿ, ಮಿಕ್ಸರ್, ಗೀಝರ್ ಎಲ್ಲಾದ್ದರ ಪ್ಲಗ್ ಕಿತ್ತು ಇಡ್ತೀವಿ, ಕೇಬಲ್ ವಾಯರ್ ಸುದ್ದಾ.

ಬಂಗಾರ ಮನ್ಯಾಗ ಇಡೂದಿಲ್ಲ, ಲಾಕರ್. 2022ರ ಜನವರಿಯಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳುವು, ದರೋಡೆ ಅಥವಾ ಸಿಬ್ಬಂದಿ ಮೋಸದಿಂದ ಲಾಕರಿನಾಗಿಂದ ಹೋದ್ರ ಬ್ಯಾಂಕಿನ ಹೊಣಿ ವರ್ಷದ ಬಾಡಗಿಯ 100 ಪಟ್ಟು, ಅಂದ್ರ 2,000 ರೂಪಾಯಿ ಬಾಡಗಿ ಇದ್ರ 2 ಲಕ್ಷ. ಒಳಗ ಏನ್ ಐತಿ ಅಂತ ಬ್ಯಾಂಕಿಗೆ ಗೊತ್ತಿರೂದಿಲ್ಲ, ಹಂಗಾಗಿ ಫೋಟೋ, ಬಿಲ್ ನೀವs ಇಟ್ಕೋಬೇಕು. ಇನ್ನ ಭಾರತ್ ಗೃಹ ರಕ್ಷಾ ಅನ್ನೋ ಮನಿ ವಿಮಾ ಪಾಲಿಸಿ ಐತಿ, ಕಳುವಿನ ಚಿಂತಿ ಇಲ್ಲ ಅಂತ ಕೆಲವರು ಇರ್ತಾರ. ಅದು ಬೆಂಕಿ, ನೆರೆ ಇಂಥಾವಕ್ಕ. ಅಂಥಾ ಅನಾಹುತದ ಕಾರಣದಿಂದ 7 ದಿನದಾಗ ಆದ ಕಳುವಿಗಷ್ಟ ಅದರಾಗ ರೊಕ್ಕ ಬರ್ತೈತಿ, ಬರೇ ಮನಿ ಒಡದ್ರ ಅಂತ ಬ್ಯಾರೆ ಬರ್ಗ್ಲರಿ ಪಾಲಿಸಿ ತಗೋಬೇಕು.

ಹೋಗೋ ಹಿಂದಿನ ದಿನ ಠಾಣೆಗೆ ಹೋಗಿ ಒಂದ ಹಾಳ್ಯಾಗ ವಿಳಾಸ, ಯಾವಾಗ ಹೋಗಿ ಯಾವಾಗ ಬರ್ತೀವಿ, ನಮ್ಮ ನಂಬರ್, ವೈನಿಯವರ ನಂಬರ್ ಬರದು ಕೊಟ್ಟು ಬರ್ತೀನಿ, ಬೀಟ್ ಪೊಲೀಸರು ಆ ಕಡೆ ಬಂದಾಗ ನೋಡ್ರಿ ಸರ್ ಅಂತ ಕೇಳ್ಕೊಂಡು. ಹುಡುಗರಿಗೆ ಒಂದs ಕಟ್ಟಪ್ಪಣಿ, ತಿರುಗಿ ಮನಿಗೆ ಬರೋತನಕ ಸ್ಟೇಟಸ್ಸಿಗೆ ಒಂದ ಫೋಟೋನೂ ಹಾಕಬಾರ್ದು.

ಬಂದ ಮ್ಯಾಲೂ ಅವಸರ ಮಾಡಬ್ಯಾಡ್ರಿ. ಗ್ಯಾಸ್ ವಾಸನಿ ಬಂದ್ರ ಸ್ವಿಚ್ ಮುಟ್ಟದs ಕಿಡಕಿ ತಗೀರಿ. ಕೊಂಡಿ ಮುರದಿದ್ದು ಕಂಡ್ರಂತೂ ಒಳಗ ಕಾಲ ಇಡಬ್ಯಾಡ್ರಿ, ಕಳ್ಳ ಇನ್ನೂ ಒಳಗ ಇರಬಹುದು, ಬೆರಳಚ್ಚೂ ಅಳಿಸಿ ಹೋಗ್ತಾವು, ರಸ್ತಾಕ್ಕ ಬಂದು 112ಕ್ಕ ಫೋನ್ ಹಚ್ರಿ.