ಸ್ಪಿರಿಟೆಡ್ ಅವೇ ಮತ್ತೆ ನೋಡುವುದಾದರೆ ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ

ಮೊದಲ ಸಲ ‘ಸ್ಪಿರಿಟೆಡ್ ಅವೇ’ ನೋಡಿದಾಗ ನಾನು ಕಾಲೇಜಿನಲ್ಲಿದ್ದೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಆಗ ಲೋಡ್ ಶೆಡ್ಡಿಂಗ್ ಕಾಟ. ಗೆಳೆಯ ಕೊಟ್ಟ ಸಿಡಿಯನ್ನು ಎರಡು ಕಂತಿನಲ್ಲಿ ನೋಡಿ ಮುಗಿಸಿದೆ. ಚಿತ್ರ ಚೆಂದ, ಕತೆಗೆ ಮಾತ್ರ ತಲೆಬುಡ ಇಲ್ಲ ಅಂತ ಹೇಳಿ ವಾಪಸ್ ಕೊಟ್ಟೆ. ಕಳೆದ ಮಳೆಗಾಲದಲ್ಲಿ ಅದನ್ನೇ ಮತ್ತೆ ನೋಡಿದೆ, ಹತ್ತು ವರ್ಷದ ಮಗಳು ಮತ್ತು ಎಪ್ಪತ್ತೆರಡರ ಅಪ್ಪಯ್ಯನ ಜೊತೆ. ಈ ಸಲ ಕತೆ ಸಲೀಸಾಗಿ ಒಳಗೆ ಇಳಿಯಿತು. ನೀವೂ ಮತ್ತೆ ನೋಡಬೇಕು ಅಂತಿದ್ದರೆ ಹೇಗೆ ನೋಡಬಹುದು ಅಂತ ಹೇಳುತ್ತೇನೆ.

ನೋಡದವರಿಗೆ ಎರಡು ಮಾತು. ಜಪಾನಿನ ಹಯಾವೊ ಮಿಯಾಝಾಕಿ 2001ರಲ್ಲಿ ಮಾಡಿದ ಸಿನಿಮಾ ಇದು, ಸ್ಟುಡಿಯೊ ಘಿಬ್ಲಿಯದ್ದು. 2002ರಲ್ಲಿ ಬರ್ಲಿನ್‌ನ ಗೋಲ್ಡನ್ ಬೇರ್, 2003ರಲ್ಲಿ ಆಸ್ಕರ್. ಚಿಹಿರೊ ಅನ್ನುವ ಹತ್ತು ವರ್ಷದ ಹುಡುಗಿ ಅಪ್ಪ ಅಮ್ಮನ ಜೊತೆ ಹೊಸ ಮನೆಗೆ ಹೊರಟಿರುತ್ತಾಳೆ. ದಾರಿ ತಪ್ಪಿ ಒಂದು ಸುರಂಗ ದಾಟುತ್ತಾರೆ. ಆಚೆ ಜನರಿಲ್ಲದ ಅಂಗಡಿಗಳು, ಬಿಸಿಬಿಸಿ ತಿಂಡಿಯ ರಾಶಿ. ದುಡ್ಡು ಆಮೇಲೆ ಕೊಟ್ಟರಾಯಿತು ಅಂತ ತಿನ್ನಲು ಕೂತ ಅಪ್ಪ ಅಮ್ಮ ಹಂದಿಗಳಾಗುತ್ತಾರೆ. ಕತ್ತಲಾದರೆ ಅದು ದೇವರು ದೈವಗಳ ಊರು, ಅವರೆಲ್ಲ ಮೈ ತೊಳೆಯಲು ಬರುವ ದೊಡ್ಡ ಸ್ನಾನದ ಮನೆ ಅಲ್ಲಿದೆ. ಅದರ ಯಜಮಾನಿ ಯುಬಾಬಾ, ಮಾಟಗಾತಿ. ಬದುಕಿ ಉಳಿಯಬೇಕಾದರೆ ಹುಡುಗಿ ಅಲ್ಲಿ ಕೆಲಸಕ್ಕೆ ಸೇರಲೇಬೇಕು.

ಸಿನಿಮಾ ಎರಡು ಗಂಟೆ ಐದು ನಿಮಿಷ. ರವಿವಾರ ಊಟ ಆದ ತಕ್ಷಣ ಹಾಕಬೇಡಿ, ಹಿರಿಯರು ಸುರಂಗ ಬರುವುದರೊಳಗೆ ಗೊರಕೆ ಹೊಡೆಯುತ್ತಾರೆ. ನಾಲ್ಕು ಗಂಟೆಗೆ ಚಹಾ ಮತ್ತು ಗೋಳಿಬಜೆ ಇಟ್ಟುಕೊಂಡು ಕೂರಿ. ಮಕ್ಕಳು ತೀರಾ ಚಿಕ್ಕವರಾದರೆ ಹಂದಿಯ ದೃಶ್ಯಕ್ಕೆ ಹೆದರುತ್ತಾರೆ. ಅಪ್ಪ ಅಮ್ಮ ಕೊನೆಗೆ ಸರಿಯಾಗುತ್ತಾರೆ ಅಂತ ಮೊದಲೇ ಹೇಳಿಬಿಡಿ. ಅಷ್ಟು ಹೇಳಿದರೆ ಕತೆಯ ಮಜಾ ಏನೂ ಕಮ್ಮಿಯಾಗುವುದಿಲ್ಲ.

ಭಾಷೆಯದ್ದೇ ದೊಡ್ಡ ತಲೆನೋವು. ನಾವು ನೋಡಿದ್ದು ನೆಟ್‌ಫ್ಲಿಕ್ಸ್‌ನಲ್ಲಿ, ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಅಪ್ಪಯ್ಯನಿಗೆ ಅಷ್ಟು ಬೇಗ ಓದಲು ಆಗುವುದಿಲ್ಲ, ಹಾಗಾಗಿ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಇಲ್ಲಿ ಒಂದು ತಪ್ಪು ಮಾಡಿದೆ. ಮಾತಿನ ಜೊತೆಗೆ ಅರ್ಥವನ್ನೂ ಹೇಳತೊಡಗಿದೆ, ಇದು ಜಪಾನಿನ ಆರ್ಥಿಕತೆ ಕುಸಿದ ಕಾಲದ ಪಾಳುಬಿದ್ದ ಪಾರ್ಕು, ಹಂದಿ ಅಂದರೆ ದುರಾಸೆ, ಹೀಗೆ. ಇಪ್ಪತ್ತು ನಿಮಿಷಕ್ಕೆ ಮಗಳು, “ಪಪ್ಪಾ, ಸ್ವಲ್ಪ ಸುಮ್ನಿರಿ” ಅಂದಳು. ಅವಳು ಹೇಳಿದ್ದು ಸರಿ. ಯಾರು ಏನು ಅಂದರು ಅಷ್ಟೇ ಹೇಳಿ, ಮಿಕ್ಕಿದ್ದು ಕಣ್ಣಿಗೆ ಬಿಡಿ.

ಇಂಟರ್‌ನೆಟ್‌ನಲ್ಲಿ ಈ ಸಿನಿಮಾದ ಒಗಟು ಬಿಡಿಸುವವರು ಸಾವಿರ ಜನ ಇದ್ದಾರೆ. ಅದನ್ನೆಲ್ಲ ಓದಿಕೊಂಡು ಕೂರಬೇಡಿ. ಮಿಯಾಝಾಕಿ ಪೂರ್ತಿ ಸ್ಕ್ರಿಪ್ಟ್ ಬರೆದಿಟ್ಟುಕೊಂಡು ಕೆಲಸ ಶುರು ಮಾಡಿದವರೇ ಅಲ್ಲ, ಒಂದು ಕಡೆ ಸಿನಿಮಾ ತಯಾರಾಗುತ್ತಿರುವಾಗ ಇನ್ನೊಂದು ಕಡೆ ಮುಂದಿನ ಕತೆಯ ಚಿತ್ರ ಬರೆಯುತ್ತಾ ಹೋದವರು. ಅಲ್ಲದೆ ನಮ್ಮ ಕರಾವಳಿಯವರಿಗೆ ಇದರಲ್ಲಿ ವಿಚಿತ್ರ ಏನಿದೆ? ಹೊಳೆಗೊಂದು ದೈವ, ಮರಕ್ಕೊಂದು ದೈವ, ಅವರಿಗೂ ಸಿಟ್ಟು ಬರುತ್ತದೆ, ಹಸಿವಾಗುತ್ತದೆ ಅಂದರೆ ಅಪ್ಪಯ್ಯ ಹುಬ್ಬು ಕೂಡ ಏರಿಸಲಿಲ್ಲ. ಮೂಲಂಗಿ ದೇವರು ಲಿಫ್ಟಿನಲ್ಲಿ ಬಂದು ನಿಂತಾಗ ಮಾತ್ರ ಇದು ಯಾರು ಅಂತ ಕೇಳಿದರು.

ಹಾಗಾದರೆ ಏನನ್ನು ನೋಡಬೇಕು? ಆ ಹುಡುಗಿಯ ಕೆಲಸವನ್ನು ನೋಡಿ. ಮಾಟಮಂತ್ರ ಪಕ್ಕಕ್ಕಿಟ್ಟರೆ ಇದು ಗೊತ್ತಿಲ್ಲದ ಜಾಗಕ್ಕೆ ಬಂದ ಮಗುವೊಂದು ಕೆಲಸಕ್ಕೆ ಸೇರುವ ಕತೆ. ಕೆಳಗೆ ಬಾಯ್ಲರ್ ಕೋಣೆಯಲ್ಲಿ ಆರು ಕೈಯ ಕಮಾಜಿ, ಅವನ ಒಲೆಗೆ ಕಲ್ಲಿದ್ದಲು ಹೊರುವ ಮಸಿಯ ಮರಿಗಳು. ಅವನು ಹುಡುಗಿಯನ್ನು ಲಿನ್ ಅನ್ನುವ ಕೆಲಸದವಳ ಜೊತೆ ಮೇಲಕ್ಕೆ ಕಳಿಸುತ್ತಾನೆ. ಹೊರಡುವಾಗ ಲಿನ್ ಹುಡುಗಿಗೆ ಬೈಯುತ್ತಾಳೆ, ಮುದುಕನಿಗೆ ಥ್ಯಾಂಕ್ಸ್ ಹೇಳಿದೆಯಾ ಅಂತ. ಅಪ್ಪಯ್ಯ ಸೋಫಾದಲ್ಲಿ ಮುಂದಕ್ಕೆ ಬಾಗಿ ಕೂತರು. ನೆಲ ಒರೆಸುವಾಗ ಎಲ್ಲರೂ ಬಟ್ಟೆ ಒತ್ತಿಕೊಂಡು ಓಡುತ್ತಾರೆ, ಇವಳು ಹಿಂದೆ ಬೀಳುತ್ತಾಳೆ. ಆಮೇಲೆ ಕೊಳೆ ಗಟ್ಟಿ ಹಿಡಿದ ದೊಡ್ಡ ತೊಟ್ಟಿಯನ್ನು ತಿಕ್ಕುವ ಕೆಲಸ ಇವಳ ತಲೆಗೇ. “ಹೊಸಬರಿಗೆ ಯಾವಾಗಲೂ ಮಸಿ ಹಿಡಿದ ಪಾತ್ರೆಯೇ” ಅಂತ ಅಪ್ಪಯ್ಯ ನಕ್ಕರು.

ಅಪ್ಪಯ್ಯ ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಸೇರಿದವರು. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಮಲಗುವುದು ಹೋಟೆಲಿನ ಟೇಬಲ್ ಮೇಲೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ ಒಂದು ಸಂಗತಿ ಅವತ್ತು ಹೊರಗೆ ಬಂತು. ಯುಬಾಬಾ ಒಪ್ಪಂದದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹುಡುಗಿಯ ಹೆಸರಿನ ಅಕ್ಷರಗಳನ್ನು ಕೈಯಲ್ಲಿ ಬಾಚಿಕೊಳ್ಳುತ್ತಾಳೆ, ಒಂದನ್ನು ಬಿಟ್ಟು. ಉಳಿದ ಆ ಅಕ್ಷರವನ್ನು ಒಂಟಿಯಾಗಿ ಓದಿದರೆ ಸೆನ್, ಅಂದರೆ ಸಾವಿರ. ಇನ್ನು ನೀನು ಚಿಹಿರೊ ಅಲ್ಲ, ಸೆನ್. ಆಗ ಅಪ್ಪಯ್ಯ ಮೆಲ್ಲಗೆ ಹೇಳಿದರು: ಹೋಟೆಲಿನಲ್ಲಿ ಮೊದಲೇ ಇಬ್ಬರು ನರಸಿಂಹ ಇದ್ದರಂತೆ, ಗಲ್ಲಾದ ಮೇಲೆ ಕೂತಿದ್ದವರು ತಲೆಯೆತ್ತಿ ಕೂಡ ನೋಡದೆ “ನೀನು ರಾಜು” ಅಂದರಂತೆ. ಆರು ವರ್ಷ ರಾಜು! ಸಿನಿಮಾದಲ್ಲಿ ಹುಡುಗಿಗೆ ತನ್ನ ಹಳೇ ಬಟ್ಟೆಯ ಜೊತೆ ಗೆಳತಿ ಕೊಟ್ಟ ಕಾರ್ಡು ಸಿಗುತ್ತದೆ, ಅದರಲ್ಲಿ ಅವಳ ಹೆಸರು ಇರುತ್ತದೆ, ಅದನ್ನು ಓದಿದಾಗಲೇ ತನ್ನ ಹೆಸರು ಅವಳಿಗೆ ನೆನಪಾಗುವುದು. “ನಮ್ಮದೂ ಊರಿನಿಂದ ಬರುವ ಕಾರ್ಡಿನಲ್ಲಿ ಮಾತ್ರ ಸರಿ ಹೆಸರು ಇರುತ್ತಿತ್ತು” ಅಂದರು. ನಾನು ಅಲ್ಲಿ ಪಾಝ್ ಒತ್ತಿ ಸಿನಿಮಾ ನಿಲ್ಲಿಸಿದೆ. ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದರೆ ನನ್ನ ಉತ್ತರ ಇದೇ: ಅರ್ಥ ಹೇಳಲು ನಿಲ್ಲಿಸಬೇಡಿ, ಪಕ್ಕದಲ್ಲಿ ಕೂತವರು ಏನಾದರೂ ಹೇಳಿದರೆ ನಿಲ್ಲಿಸಿ.

ಮುಖವಿಲ್ಲದ ಕಪ್ಪು ಆಕೃತಿ ಬಂಗಾರ ಹಂಚಿ ಎಲ್ಲರನ್ನೂ ಕುಣಿಸುವ ಭಾಗ ಮಕ್ಕಳಿಗೆ ಬಹಳ ಇಷ್ಟ. ನನಗೆ ಸ್ವಲ್ಪ ಉದ್ದ ಅನ್ನಿಸಿತು. ನೀರು ಕುಡಿಯಲು ಏಳುವುದಿದ್ದರೆ ಅಲ್ಲಿ ಎದ್ದು ಬನ್ನಿ.

ಅದಕ್ಕಿಂತ ಮೊದಲು ಬರುವ ಗಬ್ಬು ದೇವರ ದೃಶ್ಯದಲ್ಲಿ ಮಾತ್ರ ಏಳಬೇಡಿ. ಮೈತುಂಬ ಕೆಸರು, ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಾರೆ. ಅವನ ಮೈಯಲ್ಲಿ ಮುಳ್ಳಿನ ಹಾಗೆ ಏನೋ ಚುಚ್ಚಿದೆ ಅಂತ ಹುಡುಗಿ ಕಂಡುಹಿಡಿಯುತ್ತಾಳೆ. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರೆ ಸೈಕಲ್ ಬರುತ್ತದೆ, ಅದರ ಹಿಂದೆ ರಾಶಿ ರಾಶಿ ಕಸ. ತೊಳೆದ ಮೇಲೆ ನೋಡಿದರೆ ಅವನು ಒಂದು ನದಿ. ಮಿಯಾಝಾಕಿ ತಾವೇ ನದಿಯೊಂದನ್ನು ಸ್ವಚ್ಛ ಮಾಡಲು ಹೋದಾಗ ಸೈಕಲ್ ಎಳೆದು ತೆಗೆದದ್ದು ಇಲ್ಲಿಗೆ ಬಂದಿದೆ. ಮಗಳಿಗೆ ಮುಂಬೈಯ ಮೀಠಿ ನದಿಯ ಬಗ್ಗೆ ಹೇಳಿದೆ. ವಿಹಾರ್ ಮತ್ತು ಪವಾಯಿ ಕೆರೆ ತುಂಬಿದ ನೀರು ಕುರ್ಲಾ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ದಾಟಿ ಮಾಹಿಮ್ ಖಾಡಿಗೆ, ಅಂದರೆ ಅಲ್ಲಿನ ಹಿನ್ನೀರಿಗೆ, ಹೋಗುತ್ತದಲ್ಲ, ಅದು. “ಅದು ನಾಲಾ ಅಲ್ವಾ?” ಅಂದಳು. ಹೆಸರಿಗೆ ಸಿಹಿ ನದಿ, ನಾವು ಮೂಗು ಮುಚ್ಚಿಕೊಂಡೇ ದಾಟುವುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಅದು ಉಕ್ಕಿ ಬಂದು ತಾನು ನದಿ ಅಂತ ತೋರಿಸಿತ್ತು. ಸಿನಿಮಾದಲ್ಲಿ ಚಿಹಿರೊಗೆ ಸಹಾಯ ಮಾಡುವ ‘ಹಾಕು’ ಅನ್ನುವ ಹುಡುಗ ಕೂಡ ಹೆಸರು ಮರೆತ ನದಿಯೇ, ಅವನನ್ನು ಮುಚ್ಚಿ ಮೇಲೆ ಬಿಲ್ಡಿಂಗ್ ಕಟ್ಟಿದ್ದಾರೆ. ಸಮುದ್ರ ತುಂಬಿಸಿ ಮಾಡಿದ ಊರಿನಲ್ಲಿ ಕೂತು ಇದನ್ನು ನೋಡುವುದು ಬೇರೆಯೇ.

ಇನ್ನು ರೈಲು. ನೀರಿನ ಮೇಲೆ ಹೋಗುವ ರೈಲಿನಲ್ಲಿ ಹುಡುಗಿ ಸುಮ್ಮನೆ ಕೂತಿರುತ್ತಾಳೆ. ಮಾತಿಲ್ಲ, ಜೋ ಹಿಸೈಶಿ ಅವರ ಪಿಯಾನೊ ಮಾತ್ರ. ನೆರಳಿನಂಥ ಜನ ಇಳಿದು ಹೋಗುತ್ತಾರೆ. ಕಾಲೇಜಿನಲ್ಲಿದ್ದಾಗ ಇದನ್ನು ನಾನು ಓಡಿಸಿಬಿಟ್ಟಿದ್ದೆ, ಈಗ ನಾಚಿಕೆಯಾಗುತ್ತದೆ. ಶುರುವಾಗುವ ಮುಂಚೆ ಎಲ್ಲರ ಮೊಬೈಲನ್ನು ಒಳಗಿನ ಕೋಣೆಯಲ್ಲಿ ಇಟ್ಟುಬಿಡಿ, ನಿಮ್ಮದನ್ನೂ.

ಸಾಧ್ಯವಾದರೆ ಮುಂದಿನ ವಾರ ಮುಂಬೈ ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿ ಮಾನ್‌ಖುರ್ದ್‌ನಿಂದ ಪನ್ವೇಲ್ ಗಾಡಿ ಹತ್ತಿ. ಭರತದ ಹೊತ್ತು ನೋಡಿಕೊಂಡು ಹೋಗಿ, ಇಳಿತದಲ್ಲಿ ಕೆಸರು ಜಾಸ್ತಿ ಕಾಣುತ್ತದೆ. ವಾಶಿ ಬರುವ ಮೊದಲು ಎರಡೂ ಕಡೆ ನೀರು, ಮಳೆಗಾಲವಾದರೆ ಆಕಾಶವೂ ಅದೇ ಬಣ್ಣ. ಸಿನಿಮಾದ ಹುಡುಗಿ ಇಳಿಯುವುದು ಆರನೇ ಸ್ಟೇಷನ್. ಮಗಳು ಬೆರಳು ಮಡಚಿ ಎಣಿಸಿದಳು: ವಾಶಿ, ಸಾನ್ಪಾಡಾ, ಜುಯಿನಗರ, ನೆರೂಳ್, ಸೀವುಡ್ಸ್, ಬೇಲಾಪುರ. ಬೇಲಾಪುರದ ತನಕ ಟಿಕೆಟ್ ತೆಗೆಯಲು ನಾನು ಕಿಟಕಿಯ ಮುಂದೆ ನಿಂತಿದ್ದಾಗ ಅಪ್ಪಯ್ಯ ಹಿಂದಿನಿಂದ ಕೂಗಿದರು, “ರಿಟರ್ನ್ ತಗೋ ಮಾರಾಯ, ಆ ಹುಡುಗಿಯ ರೈಲು ವಾಪಸ್ ಬರುತ್ತಿರಲಿಲ್ಲ.”