ಕೋಕಂ ಸೋಡಾದ ಗ್ಯಾಸ್ ಉಳಿಯಬೇಕಾದರೆ
ಕೋಕಂ (ನಮ್ಮ ಪುನರ್ಪುಳಿ) ಸೋಡಾಕ್ಕೆ ಉಪ್ಪನ್ನು ಕೊನೆಗೆ ಉದುರಿಸಬೇಡಿ. 30 ಮಿ.ಲೀ. ಸಿರಪ್ಪಿನಲ್ಲಿ ಚಿಟಿಕೆ ಉಪ್ಪನ್ನು ಪೂರ್ತಿ ಕರಗಿಸಿ, ಲೋಟ ಸಮೇತ ಫ್ರಿಜ್ಜಿನಲ್ಲಿ ತಣಿಸಿ. ಆಮೇಲೆ ಲೋಟ ಓರೆ ಹಿಡಿದು 200 ಮಿ.ಲೀ. ತಣ್ಣನೆಯ ಸೋಡಾ ಅಂಚಿಗುಂಟ ಇಳಿಸಿ, ಚಮಚದಿಂದ ಒಂದೇ ಸಲ ತಳದಿಂದ ಎತ್ತಿ ಬಿಡಿ. ಕರಗದ ಹರಳಿನ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಗುಳ್ಳೆ ಹುಟ್ಟುವ ಜಾಗ. ಕಾರ್ಬನ್ ಡೈಆಕ್ಸೈಡ್ ಅಲ್ಲಿ ಸೇರಿ ಬುಸ್ಸೆಂದು ನೊರೆಯಾಗಿ ಹೊರಟುಹೋಗುತ್ತದೆ. ಜೀರಿಗೆ ಪುಡಿಯಂತೂ ಕರಗುವುದೇ ಇಲ್ಲ, ಸಿರಪ್ಪಿನಲ್ಲಿ ನೆನೆಸಿ ಸೋಸಿಯೇ ಬಳಸಿ. ಸೋಡಾ ಬೆಚ್ಚಗಿದ್ದರೆ ಮಾತ್ರ ಈ ಉಪಾಯ ನಡೆಯದು: 30 ಡಿಗ್ರಿಯ ನೀರು ಹಿಡಿದಿಡುವ ಗ್ಯಾಸ್, 4 ಡಿಗ್ರಿಯ ನೀರು ಹಿಡಿಯುವುದರ ಅರ್ಧವೂ ಅಲ್ಲ. ಮುಂಬೈಯ ಮೇ ಸೆಕೆಯಲ್ಲಿ ಅಡುಗೆಮನೆ ಕಟ್ಟೆಯ ಮೇಲಿಟ್ಟ ಬಾಟಲಿ ಮುಚ್ಚಳ ತೆಗೆದ ಕೂಡಲೇ ಅರ್ಧ ಸಪ್ಪೆ. ಹಿಂದಿನ ದಿನ ತೆರೆದದ್ದೂ ಬೇಡ.