ಡಿಸ್ಕವರಿಯ ಸೆಂಟರ್ ಡಿಫರೆನ್ಷಿಯಲ್ ಬಿಚ್ಚಿ ಕಟ್ಟಿದ್ದು

ನಮ್ಮ ಕಡೆ ಗುಡ್ಡೆ ಹತ್ತುವ ಗಾಡಿ ಅಂದ್ರೆ ಮಹೀಂದ್ರ ಜೀಪು. ಅದರಲ್ಲಿ ಸೆಂಟರ್ ಡಿಫರೆನ್ಷಿಯಲ್, ಅಂದ್ರೆ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಅನ್ನುವುದೇ ಇಲ್ಲ. ಡಾಮರು ರಸ್ತೆಯಲ್ಲಿ ಹಿಂದಿನ ಚಕ್ರ ಮಾತ್ರ ತಳ್ಳುತ್ತದೆ, ಕೆಸರು ಬಂದಾಗ ಲಿವರ್ ಹಾಕಿದರೆ ಮುಂದಿನದೂ ಸೇರಿಕೊಳ್ಳುತ್ತದೆ. ಲ್ಯಾಂಡ್ ರೋವರ್ ಡಿಸ್ಕವರಿ ಹಾಗಲ್ಲ. ಅದರಲ್ಲಿ ನಾಲ್ಕೂ ಚಕ್ರಕ್ಕೆ ಯಾವಾಗಲೂ ಎಳೆತ ಇರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕಲ್ವಾ, ಆ ವ್ಯತ್ಯಾಸ ಹೊಂದಿಸುವುದಕ್ಕೇ, ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಬಾಕ್ಸಿನ ಒಳಗೆ ಇನ್ನೊಂದು ಡಿಫರೆನ್ಷಿಯಲ್ ಇಟ್ಟಿದ್ದಾರೆ. ಇದು ಗೊತ್ತಿಲ್ಲದೆ ರಿಪೇರಿಗೆ ಕೈ ಹಾಕಿದರೆ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದರಲ್ಲೇ ಮಳೆಗಾಲ ಮುಗಿಯುತ್ತದೆ.

ಕಾಸರಗೋಡು ಜಿಲ್ಲೆಯ ಬಂದಡ್ಕದ ಮೇಲಿನ ಗುಡ್ಡೆಯಲ್ಲಿ ಅಡಿಕೆ, ರಬ್ಬರ್ ತೋಟ ಇರುವ ಭಟ್ರ ಡಿಸ್ಕವರಿ ನನ್ನ ಕೈಗೆ ಬಂತು. 1996ರದ್ದು, 300 ಟಿಡಿಐ ಡೀಸೆಲ್ ಇಂಜಿನ್. ಯಾರ್ಯಾರದೋ ಕೈ ದಾಟಿ ಅವರಿಗೆ ಬಂದದ್ದು. ನನ್ನ ಗ್ಯಾರೇಜು ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ, ಮುಳ್ಳೇರಿಯದ ಹತ್ತಿರ. ಇಲ್ಲಿಗೆ ಬರುವ ಮೊದಲು ಅದು ಬೇರೆ ಕಡೆ ಹೋಗಿತ್ತು. ಇಡೀ ಟ್ರಾನ್ಸ್‌ಫರ್ ಬಾಕ್ಸೇ ಬದಲಿಸಬೇಕು ಅಂದಿದ್ದರಂತೆ. "ಎಂತ ಮಾರಾಯ, ಇದನ್ನು ಗುಜರಿಗೆ ಕೊಡುವುದಾ?" ಅಂತ ಕೇಳಿದರು ಭಟ್ರು. "ಸ್ವಲ್ಪ ನೋಡಿ ಹೇಳ್ತೇನೆ ಭಟ್ರೇ" ಅಂದೆ. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾಗ ಈ ಎಲ್‌ಟಿ 230 ಮಾದರಿಯ ಟ್ರಾನ್ಸ್‌ಫರ್ ಬಾಕ್ಸನ್ನು ಬೇಕಾದಷ್ಟು ಬಿಚ್ಚಿದ್ದೇನೆ. 1983ರಿಂದ ಬಂದ ಬಾಕ್ಸು, ಲ್ಯಾಂಡ್ ರೋವರಿನ ಹಳೆ ಡಿಫೆಂಡರಿಗೂ ಅದೇ, ಹಳೆ ಡಿಸ್ಕವರಿಗೂ ಅದೇ. ಗೇರಿನ ಅನುಪಾತ ಮಾತ್ರ ಬೇರೆ. ಡಿಫೆಂಡರಿನಲ್ಲಿ ಹೈ ರೇಂಜ್ (ಮಾಮೂಲಿ ಓಟದ ಗೇರ್) 1.41 ಇದ್ದರೆ ಡಿಸ್ಕವರಿಯಲ್ಲಿ 1.22. ಸೆಕೆಂಡ್ ಹ್ಯಾಂಡ್ ಬಾಕ್ಸ್ ತರುವವರು ಇದನ್ನು ಕೇಳಿಯೇ ತರಬೇಕು, ಇಲ್ಲವಾದರೆ ಗಾಡಿ ಓಡುವುದಕ್ಕಿಂತ ಕೂಗುವುದೇ ಜಾಸ್ತಿ.

ತೊಂದರೆ ಇಷ್ಟು. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತುವಾಗ ಸೀಟಿನ ಅಡಿಯಿಂದ ‘ಟಕ್’. ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಇನ್ನೂ ಜೋರು. ಜೊತೆಗೆ ಹ್ಯಾಂಡ್ ಬ್ರೇಕ್ ಹಿಡಿಯುತ್ತಿರಲಿಲ್ಲ. ಏರಿನಲ್ಲಿ ನಿಲ್ಲಿಸುವಾಗ ಹಿಂದಿನ ಚಕ್ರಕ್ಕೆ ಇಡಲು ಡಿಕ್ಕಿಯಲ್ಲಿ ಒಂದು ಮುರಕಲ್ಲಿನ ತುಂಡು ಯಾವಾಗಲೂ ಇರುತ್ತಿತ್ತು. ಭಟ್ರ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಕಾಯಿಲೆ. ಆದರೆ ಈ ಗಾಡಿಯಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಿ ಅಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂಬದಿಯಲ್ಲಿ. ಡ್ರಮ್ ಕಳಚಿದರೆ ಲೈನಿಂಗ್ ಪೂರ್ತಿ ಎಣ್ಣೆಯಲ್ಲಿ ನೆನೆದಿತ್ತು. ಹಿಂದಿನ ಔಟ್‌ಪುಟ್ ಸೀಲ್ ಸೋರಿ ಬಾಕ್ಸಿನ ಆಯಿಲ್ ಎಲ್ಲ ಅಲ್ಲಿಗೆ ಬರುತ್ತಿತ್ತು. ಡ್ರೈನ್ ಪ್ಲಗ್ ಬಿಚ್ಚಿದೆ. ಸುಮಾರು 2.3 ಲೀಟರ್ ಇರಬೇಕಾದಲ್ಲಿ ಒಂದು ಲೀಟರ್ ಕೂಡ ಬರಲಿಲ್ಲ. ಬಂದದ್ದರಲ್ಲಿ ಬಿಸಿಲಿಗೆ ಹಿಡಿದರೆ ಮಿನುಗುವ ಪುಡಿ.

ಆದರೂ ಬಾಕ್ಸ್ ಇಳಿಸುವ ಮೊದಲು ಸುಲಭದ್ದನ್ನೆಲ್ಲ ನೋಡಿ ಬಿಡಬೇಕು. ಇಂಥದ್ದೇ ‘ಟಕ್’ ಬಾಕ್ಸಿನಿಂದ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿನಿಂದಲೂ (ಅದರ ಕೀಲು) ಬರಬಹುದು. ಹಿಂದಿನ ಶಾಫ್ಟಿನ ತುದಿಯ ದಪ್ಪ ರಬ್ಬರ್ ಕಪ್ಲಿಂಗ್, ಹಿಂದಿನ ಆಕ್ಸಲ್ ಮೇಲಿನ ಎ ಫ್ರೇಮಿನ ಬಾಲ್ ಜಾಯಿಂಟ್, ಇವು ಸವೆದರೂ ಬರುತ್ತದೆ. ಹಾರೆ ಇಟ್ಟು ಮೀಟಿ ನೋಡಿದೆ, ಎಲ್ಲ ಸರಿ ಇತ್ತು.

ನಂತರ ನಿಜವಾದ ಪರೀಕ್ಷೆ. ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ಗೇರಿನಲ್ಲಿ ಇಟ್ಟು, ಮುಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿದೆ. ಅಡಿಗೆ ಹೋಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಆಚೆ ಈಚೆ ತಿರುಗಿಸಿ, ಎಷ್ಟು ಪ್ಲೇ (ಸಡಿಲ) ಇದೆ ಅಂತ ಫ್ಲೇಂಜಿನ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದೆ. ಈಗ ಡಿಫ್ ಲಾಕ್, ಅಂದ್ರೆ ಮುಂದಿನ ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವಂತೆ ಸೆಂಟರ್ ಡಿಫರೆನ್ಷಿಯಲನ್ನು ಕಟ್ಟಿಹಾಕುವ ಲಾಕ್, ಹಾಕಿ ಅದೇ ಕೆಲಸ ಮಾಡಬೇಕು. ಲಾಕ್ ಬಿದ್ದರೆ ಡಿಫರೆನ್ಷಿಯಲಿನ ಒಳಗಿನ ಗೇರುಗಳು ಲೆಕ್ಕಕ್ಕೇ ಬರುವುದಿಲ್ಲ. ಆಗ ಉಳಿಯುವ ಪ್ಲೇ ಬೇರೆ ಗೇರುಗಳದ್ದು. ಆದರೆ ಲಾಕಿನ ಲಿವರ್ ಎಡಕ್ಕೆ ಅಲ್ಲಾಡಲೇ ಇಲ್ಲ! ಗಾಡಿ ಕೊಂಡ ಮೇಲೆ ಭಟ್ರು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. "ನಾಲ್ಕೂ ಚಕ್ರ ಯಾವಾಗಲೂ ಎಳೆಯುತ್ತದೆ ಅಂತ ಹೇಳಿದ್ರಲ್ಲ, ಮತ್ತೆ ಲಿವರ್ ಎಂತಕ್ಕೆ?" ಅವರ ಪ್ರಶ್ನೆ ನ್ಯಾಯವೇ. ಕೆಳಗಿನಿಂದ ಲಿಂಕೇಜಿಗೆ ಡೀಸೆಲ್ ಬಿಟ್ಟು, ತುಕ್ಕು ಬಿಡಿಸಿ, ಮೆಲ್ಲ ತಟ್ಟಿ ಸಡಿಲ ಮಾಡಿದೆ. ಶಾಫ್ಟನ್ನು ಸ್ವಲ್ಪ ತಿರುಗಿಸಿದ ಕೂಡಲೇ ಹಲ್ಲು ಹಲ್ಲಿಗೆ ಸೇರಿ ಲಾಕ್ ಕೂತಿತು. ಪ್ಲೇ ಮಾಯ. ಲಾಕ್ ತೆಗೆದೆ, ಪ್ಲೇ ವಾಪಸ್. ಇನ್ನು ಅನುಮಾನ ಬೇಡ, ಸವೆದದ್ದು ಸೆಂಟರ್ ಡಿಫರೆನ್ಷಿಯಲೇ.

ಬಾಕ್ಸ್ ಇಳಿಸಿದ್ದನ್ನು ಉದ್ದಕ್ಕೆ ಹೇಳುವುದಿಲ್ಲ. ಭಾರದ ಸಾಮಾನು, ಜಾಕಿಗೆ ಸರಿಯಾದ ತೊಟ್ಟಿಲು ಮಾಡಿಕೊಳ್ಳದೆ ಅಡಿಗೆ ಹೋಗಬೇಡಿ. ಬಾಕ್ಸ್ ಹಿಂದಕ್ಕೆ ಸರಿದ ಮೇಲೆ ಗೇರ್ ಬಾಕ್ಸಿನ ಮೈನ್ ಶಾಫ್ಟಿನ ಸ್ಪ್ಲೈನ್ (ಶಾಫ್ಟಿನ ಉದ್ದಕ್ಕಿರುವ ಹಲ್ಲುಗಳು) ತಪ್ಪದೆ ನೋಡಿ. ಹಳೆ ಇನ್‌ಪುಟ್ ಗೇರಿಗೆ ಎಣ್ಣೆಯ ತೂತು ಇಲ್ಲ, ಸ್ಪ್ಲೈನ್ ಒಣಗಿ ಸವೆಯುತ್ತದೆ. ಇದರಲ್ಲಿ ತೂತು ಇರುವ ಗೇರೇ ಇತ್ತು, ಸ್ಪ್ಲೈನ್ ಬಚಾವ್.

ಬೆಂಚಿನ ಮೇಲೆ ಮುಂದಿನ ಔಟ್‌ಪುಟ್ ಹೌಸಿಂಗ್, ಇಂಟರ್‌ಮೀಡಿಯೇಟ್ ಶಾಫ್ಟ್ ತೆಗೆದರೆ ಸೆಂಟರ್ ಡಿಫ್ ಹೊರಗೆ ಬರುತ್ತದೆ. ಅದರ ತುದಿಯ ನಟ್ಟಿಗೆ ಹಲ್ಲಿನ ಸ್ಪೆಷಲ್ ಸ್ಪ್ಯಾನರ್ ಬೇಕು. ನಾನು ಪೈಪಿನ ತುಂಡಿಗೆ ಲೇಥಿನಲ್ಲಿ ಹಲ್ಲು ಕೊಯ್ಸಿದೆ. ಉಳಿ ಇಟ್ಟು ಹೊಡೆದು ಬಿಚ್ಚುವವರಿದ್ದಾರೆ, ನನಗೆ ಅದು ಆಗುವುದಿಲ್ಲ. ಆಮೇಲೆ ಎಂಟು ಬೋಲ್ಟ್. ಬಿಚ್ಚುವ ಮೊದಲು ಎರಡೂ ಅರ್ಧಕ್ಕೆ ಗುರುತು ಹಾಕಿಕೊಳ್ಳಬೇಕು.

ಒಳಗೆ ನಾಲ್ಕು ಸಣ್ಣ ಪಿನಿಯನ್ ಗೇರು, ಅವುಗಳನ್ನು ಹಿಡಿದಿರುವ ಎರಡು ಕ್ರಾಸ್ ಶಾಫ್ಟ್. ಪಿನಿಯನ್ ಹಿಂದಿನ ಬಟ್ಟಲಿನಾಕಾರದ ವಾಶರುಗಳಲ್ಲಿ ಎರಡು ಕಾಗದದಷ್ಟು ತೆಳ್ಳಗಾಗಿದ್ದವು, ಒಂದು ತುಂಡಾಗಿತ್ತು. ಕ್ರಾಸ್ ಶಾಫ್ಟ್ ಮೇಲೆ ಉಗುರು ಎಳೆದರೆ ಮೆಟ್ಟಿಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪಿನಿಯನ್ ಕೂತ ಜಾಗ ಬಿಸಿಗೆ ನೀಲಿ. ಕಾರಣ ಸ್ಪಷ್ಟ. ಜೂನ್–ಜುಲೈಯ ಕೆಸರಿನಲ್ಲಿ ಒಂದು ಚಕ್ರ ಜಾರಿ ಸುಮ್ನೆ ತಿರುಗುವಾಗ ಲಾಕ್ ಹಾಕದಿದ್ದರೆ, ತಿರುಗುವ ವೇಗವೆಲ್ಲ ಈ ಸಣ್ಣ ಪಿನಿಯನ್ ಮೇಲೆ. ಎಣ್ಣೆಯೂ ಇಲ್ಲ. ಸಾಲದ್ದಕ್ಕೆ ಮುಂದೆ ಹೊಸ ಟಯರ್, ಹಿಂದೆ ಸವೆದ ರಿಸೋಲ್. ಸುತ್ತಳತೆ ಬೇರೆ ಬೇರೆ ಆದರೆ ನೇರ ರಸ್ತೆಯಲ್ಲೂ ಡಿಫ್‌ಗೆ ಬಿಡುವಿಲ್ಲ.

ವಾಶರ್ ಮಾತ್ರ ಹಾಕಿ ಮುಗಿಸಬಹುದಾ ಅಂತ ಭಟ್ರು ಕೇಳಿದರು. ಶಾಫ್ಟ್ ಸವೆದ ಮೇಲೆ ವಾಶರ್ ಮಾತ್ರ ಹಾಕುವುದು ದುಡ್ಡು ದಂಡ. ಕೇಸ್ ಚೆನ್ನಾಗಿತ್ತು, ಹಾಗಾಗಿ ಇಡೀ ಡಿಫ್ ಬೇಡ ಅಂತ ನನ್ನ ತೀರ್ಮಾನ. ಗೇರ್ ಸೆಟ್, ಕ್ರಾಸ್ ಶಾಫ್ಟ್, ವಾಶರ್, ಬೇರಿಂಗ್, ಸೀಲ್, ಓ ರಿಂಗ್ ಇವಷ್ಟು ಸಾಕು. ನನ್ನ ಭಾವ ಶಾರ್ಜಾದಿಂದ ರಜೆಗೆ ಬರುವವನಿದ್ದ. ಖರ್ಜೂರ, ಟ್ಯಾಂಗಿನ ಡಬ್ಬಗಳ ನಡುವೆ ಇವೂ ಬಂದವು.

ಜೋಡಿಸುವಾಗ ಅವಸರ ಮಾಡಬಾರದು. ದೊಡ್ಡ ಗೇರುಗಳ ಹಿಂದಿನ ವಾಶರ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ಬೋಲ್ಟ್ ಬಿಗಿದ ಮೇಲೆ ಪ್ಲೇ ಇರಬಾರದು, ಆದರೆ ಕೈಯಲ್ಲಿ ತಿರುಗಿಸಿದರೆ ತಿರುಗಬೇಕು. ಬಿಗಿಯಾದರೆ ಸುಡುತ್ತದೆ, ಸಡಿಲವಾದರೆ ‘ಟಕ್’ ವಾಪಸ್ ಬರುತ್ತದೆ. ಬಿಚ್ಚಿ ಕಟ್ಟಿ, ವಾಶರ್ ಬದಲಿಸಿ, ಮತ್ತೆ ಕಟ್ಟಿ ನೋಡುತ್ತಲೇ ಇರಬೇಕು.

ಬೇರಿಂಗಿನ ಪ್ರೀಲೋಡ್, ಅಂದ್ರೆ ಬೇರಿಂಗನ್ನು ಮೊದಲೇ ಎಷ್ಟು ಬಿಗಿಯಾಗಿ ಒತ್ತಿಡಬೇಕು ಅನ್ನುವುದು, ಇನ್ನೊಂದು ತಲೆನೋವು. ಮುಂದಿನ ಔಟ್‌ಪುಟ್ ಹೌಸಿಂಗಿನಲ್ಲಿ ಬೇರಿಂಗ್ ಕಪ್ಪಿನ ಹಿಂದೆ ಶಿಮ್ (ತೆಳ್ಳನೆ ಬಿಲ್ಲೆ) ಹಾಕಿ ಅದನ್ನು ಹೊಂದಿಸುವುದು. ಹಬ್ಬಿಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಎಷ್ಟು ಎಳೆದರೆ ಡಿಫ್ ತಿರುಗುತ್ತದೆ ಅಂತ ಓದಬೇಕು. ಹೊಸ ಬೇರಿಂಗಿಗೂ ಹಳೆಯದಕ್ಕೂ ಮ್ಯಾನುವಲಿನಲ್ಲಿ ಬೇರೆ ಬೇರೆ ಅಳತೆ ಇದೆ. ಭಟ್ರು ಮನೆಯಿಂದ ಕಾಳುಮೆಣಸು ತೂಗುವ ತಕ್ಕಡಿ ತಂದುಕೊಟ್ಟರು. ತಿರುಗಲು ಶುರುವಾಗುವಾಗಿನ ಎಳೆತ ಓದಬೇಡಿ, ಅದು ಯಾವಾಗಲೂ ಜಾಸ್ತಿ. ಒಂದೇ ಸಮ ತಿರುಗುತ್ತಿರುವಾಗಿನದನ್ನು ಓದಿ.

ಹೊಸ ಸೀಲ್, ಹೊಸ ಬ್ರೇಕ್ ಲೈನಿಂಗ್, ಇಪಿ 90 ಆಯಿಲ್. ಲೆವೆಲ್ ತೂತಿನಿಂದ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿಸಿದೆ. ನಾಲ್ಕೂ ಟಯರ್ ಒಂದೇ ಅಳತೆಯದ್ದು ಹಾಕದಿದ್ದರೆ ಗಾಡಿ ಕೊಡುವುದಿಲ್ಲ ಅಂತ ಹಟ ಹಿಡಿದೆ, ಭಟ್ರು ಗೊಣಗುತ್ತಾ ಹಾಕಿಸಿದರು. ಅವರ ಡ್ರೈವರಿಗೆ ಲಿವರಿನ ಪಾಠವೂ ಆಯಿತು. ಕೆಸರಿಗೆ ಇಳಿಯುವ ಮೊದಲೇ ಲಾಕ್ ಹಾಕಬೇಕು, ಚಕ್ರ ಜಾರಿ ತಿರುಗಲು ಶುರುವಾದ ಮೇಲೆ ಅಲ್ಲ. ಡಾಮರು ಸಿಕ್ಕಿದ ಕೂಡಲೇ ತೆಗೆಯಬೇಕು. ಡ್ಯಾಶ್‌ಬೋರ್ಡಿನ ದೀಪ ಆರದಿದ್ದರೆ ಸ್ವಲ್ಪ ರಿವರ್ಸ್ ಬಂದರೆ ಲಾಕ್ ಬಿಡುತ್ತದೆ. ಕೆಸರು ಇಲ್ಲದ ತಿಂಗಳಲ್ಲೂ ಮಣ್ಣು ರಸ್ತೆಯಲ್ಲಿ ಒಮ್ಮೊಮ್ಮೆ ಹಾಕಿ ತೆಗೆಯುತ್ತಿದ್ದರೆ ಲಿಂಕೇಜ್ ಹಿಡಿಯುವುದಿಲ್ಲ.

ಸುಮಾರು ಐನೂರು ಕಿಲೋಮೀಟರ್ ಓಡಿದ ಮೇಲೆ ಕರೆಸಿ ಆಯಿಲ್ ಬದಲಿಸಿದೆ. ಸ್ವಲ್ಪ ಕಪ್ಪು ಮಸಿ ಇತ್ತು, ಮಿನುಗುವ ಪುಡಿ ಇರಲಿಲ್ಲ. ರಿವರ್ಸಿನಲ್ಲಿ ಸಣ್ಣದೊಂದು ‘ಟಕ್’ ಈಗಲೂ ಇದೆ. ಅದು ಹಿಂದಿನ ಆಕ್ಸಲಿನ ಡಿಫರೆನ್ಷಿಯಲಿನದ್ದು. ಅಡಿಕೆ ಮಾರಿ ದುಡ್ಡು ಬಂದ ಮೇಲೆ ಅದನ್ನು ಬಿಚ್ಚುವ ಅಂದಿದ್ದಾರೆ ಭಟ್ರು.